ಡಬ್ಬಿ ಹುಡುಕುವ ದಾರಿ: ಜಿಪಿಎಸ್ ಉಪಕರಣದಿಂದ ಸ್ಮಾರ್ಟ್‌ಫೋನ್‌ವರೆಗೆ

ಜಿಯೋಕ್ಯಾಶಿಂಗ್ ಆಟ ಹುಟ್ಟಿದ ದಿನವೂ ಜಾಗವೂ ಖಚಿತವಾಗಿ ದಾಖಲಾಗಿವೆ. 2000ದ ಮೇ 3ರಂದು ಅಮೆರಿಕದ ಆರೆಗನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ನಗರಕ್ಕೆ ಹತ್ತಿರದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಡೇವ್ ಅಲ್ಮರ್ ಎಂಬ ಕಂಪ್ಯೂಟರ್ ಸಲಹೆಗಾರರು ಒಂದು ಕಪ್ಪು ಪ್ಲಾಸ್ಟಿಕ್ ಬಕೆಟ್ ಬಚ್ಚಿಟ್ಟರು. ಅದರೊಳಗೆ ಪುಸ್ತಕ, ವಿಡಿಯೊ, ತಂತ್ರಾಂಶ, ಸ್ವಲ್ಪ ದುಡ್ಡು, ಒಂದು ಚಾಟರಬಿಲ್ಲು, ಒಂದು ಡಬ್ಬಿ ಬೀನ್ಸ್ ಇದ್ದವು. ಬಕೆಟ್ ಇದ್ದ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಅವರು ಉಪಗ್ರಹ ಪಥದರ್ಶನದ ಆಸಕ್ತರು ಓದುತ್ತಿದ್ದ ಅಂತರಜಾಲ ಚರ್ಚಾಕೂಟದಲ್ಲಿ ಪ್ರಕಟಿಸಿದರು. ಹುಡುಕಿದವರು ಒಂದು ವಸ್ತು ತೆಗೆದುಕೊಂಡು ಇನ್ನೊಂದನ್ನು ಇಡಬೇಕು, ಅಲ್ಲಿರುವ ಪುಸ್ತಕದಲ್ಲಿ ಬಂದುಹೋದದ್ದನ್ನು ಬರೆಯಬೇಕು ಎಂಬುದಷ್ಟೇ ನಿಯಮ. ಮೂರೇ ದಿನಗಳಲ್ಲಿ, ಪಕ್ಕದ ವಾಷಿಂಗ್ಟನ್ ರಾಜ್ಯದ ಮೈಕ್ ಟೀಗ್ ಆ ಬಕೆಟ್ಟನ್ನು ಕಂಡುಹಿಡಿದರು.

ಆ ದಿನದಿಂದ ಇಂದಿನವರೆಗೂ ಆಟದ ಸ್ವರೂಪ ಹೆಚ್ಚು ಬದಲಾಗಿಲ್ಲ. ಒಬ್ಬರು ಡಬ್ಬಿಯನ್ನು ಬಚ್ಚಿಟ್ಟು ಅದರ ನೆಲೆಯನ್ನು ಅಂಕಿಗಳಲ್ಲಿ ಹೇಳುತ್ತಾರೆ. ಇತರರು ಆ ಅಂಕಿಗಳನ್ನು ಹಿಡಿದು ಹೊರಡುತ್ತಾರೆ. ಬದಲಾದದ್ದು ಅವರ ಕೈಯಲ್ಲಿರುವ ಸಾಧನ. ಮೊದಲ ಎಂಟು ವರ್ಷ ಅಲ್ಲಿ ಹ್ಯಾಂಡ್‌ಹೆಲ್ಡ್ ಜಿಪಿಎಸ್ ಉಪಕರಣ ಬಿಟ್ಟರೆ ಬೇರೇನೂ ಇರುವುದು ಅಪರೂಪವಾಗಿತ್ತು. 2008ರ ನಂತರ ಸ್ಮಾರ್ಟ್‌ಫೋನ್ ಅದರ ಜಾಗಕ್ಕೆ ಬಂತು, ಆದರೆ ಪೂರ್ತಿಯಾಗಿ ಆಕ್ರಮಿಸಲಿಲ್ಲ. ಇವೆರಡರಲ್ಲಿ ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ನಿಖರತೆಯ ಪ್ರಶ್ನೆಯೆಂದು ಭಾವಿಸಲಾಗುತ್ತದೆ. ಇತಿಹಾಸವನ್ನು ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಜಿಪಿಎಸ್ ಉಪಕರಣಕ್ಕೆ ಜಾಗ ಗೊತ್ತಿತ್ತು, ಡಬ್ಬಿಯ ಬಗ್ಗೆ ಏನೂ ಗೊತ್ತಿರಲಿಲ್ಲ. ಫೋನಿಗೆ ಡಬ್ಬಿಯ ಬಗ್ಗೆ ಎಲ್ಲವೂ ಗೊತ್ತಿತ್ತು, ಜಾಗ ಮಾತ್ರ ಮಸುಕಾಗಿತ್ತು. ಎರಡೂ ತಮ್ಮ ತಮ್ಮ ಕೊರತೆಯನ್ನು ತುಂಬಿಕೊಳ್ಳುತ್ತ ಬಂದದ್ದೇ ಈ ಆಟದ ಸಾಧನಗಳ ಚರಿತ್ರೆ.

ಆಕಾಶದ ಗಡಿಯಾರಗಳು

ಬಚ್ಚಿಟ್ಟ ಪೆಟ್ಟಿಗೆಯನ್ನು ಹುಡುಕುವ ಹವ್ಯಾಸ ಉಪಗ್ರಹಗಳಿಗಿಂತ ಬಹಳ ಹಳೆಯದು. 1854ರಲ್ಲಿ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಕ್ರಾನ್‌ಮಿಯರ್ ಕೊಳದ ಹತ್ತಿರ ಒಂದು ಬಾಟಲಿ ಇಟ್ಟಿದ್ದರು. ಆ ದುರ್ಗಮ ಜಾಗವನ್ನು ಮುಟ್ಟಿದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಬರುತ್ತಿದ್ದರು. ಆ ರೂಢಿ ಲೆಟರ್‌ಬಾಕ್ಸಿಂಗ್ ಎಂಬ ಹವ್ಯಾಸವಾಗಿ ಬೆಳೆಯಿತು. ಅಲ್ಲಿ ದಾರಿ ತೋರುತ್ತಿದ್ದವು ನಕ್ಷೆ, ದಿಕ್ಸೂಚಿ ಮತ್ತು ಒಗಟಿನಂಥ ಸುಳಿವುಗಳು. ಭೂಮಿಯ ಮೇಲಿನ ಯಾವುದೇ ಬಿಂದುವನ್ನು ಬರಿಯ ಅಂಕಿಗಳಿಂದ ಗುರುತಿಸಿ ಅಲ್ಲಿಗೆ ಅಪರಿಚಿತರನ್ನು ಕರೆಸಲು ಜಿಪಿಎಸ್ ಬರಬೇಕಾಯಿತು.

ಅಮೆರಿಕದ ರಕ್ಷಣಾ ಇಲಾಖೆ 1973ರಲ್ಲಿ ಈ ಯೋಜನೆಯನ್ನು ಆರಂಭಿಸಿ, 1978ರ ಫೆಬ್ರುವರಿಯಲ್ಲಿ ಮೊದಲ ಉಪಗ್ರಹವನ್ನು ಹಾರಿಸಿತು. ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ, ಆರು ಕಕ್ಷಾತಲಗಳಲ್ಲಿ, 24 ಉಪಗ್ರಹಗಳು ಹೆಚ್ಚುಕಡಿಮೆ ಹನ್ನೆರಡು ಗಂಟೆಗೊಮ್ಮೆ ಭೂಮಿಯನ್ನು ಸುತ್ತುವಂತೆ ವ್ಯವಸ್ಥೆಯನ್ನು ರೂಪಿಸಲಾಯಿತು. ಪ್ರತಿ ಉಪಗ್ರಹದಲ್ಲೂ ಪರಮಾಣು ಗಡಿಯಾರಗಳಿವೆ. ಸಂಕೇತ ಹೊರಟ ಹೊತ್ತಿಗೂ ತಲುಪಿದ ಹೊತ್ತಿಗೂ ಇರುವ ಅಂತರದಿಂದ ಗ್ರಾಹಿಯು ತನಗೂ ಉಪಗ್ರಹಕ್ಕೂ ನಡುವಿನ ದೂರವನ್ನು ಲೆಕ್ಕ ಹಾಕುತ್ತದೆ. ಬೆಳಕಿನ ವೇಗದಲ್ಲಿ ಬರುವ ಈ ಸಂಕೇತದ ಲೆಕ್ಕದಲ್ಲಿ ಒಂದು ನ್ಯಾನೊಸೆಕೆಂಡು ತಪ್ಪಿದರೆ ದೂರದಲ್ಲಿ ಸುಮಾರು 30 ಸೆಂಟಿಮೀಟರ್ ತಪ್ಪುತ್ತದೆ. ಗ್ರಾಹಿಯ ಅಗ್ಗದ ಗಡಿಯಾರದ ತಪ್ಪನ್ನೂ ಸರಿದೂಗಿಸಬೇಕಾದ್ದರಿಂದ ನೆಲೆ ತಿಳಿಯಲು ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು.

1983ರ ಸೆಪ್ಟೆಂಬರ್ 1ರಂದು ಸೋವಿಯತ್ ವಾಯುಸೀಮೆಯೊಳಗೆ ದಾರಿತಪ್ಪಿ ಹೋದ ಕೊರಿಯನ್ ಏರ್‌ಲೈನ್ಸ್ ವಿಮಾನವನ್ನು ಹೊಡೆದುರುಳಿಸಲಾಯಿತು. ಅದರಲ್ಲಿದ್ದ 269 ಮಂದಿಯೂ ಸತ್ತರು. ಆ ದುರಂತದ ಬೆನ್ನಿಗೇ ಅಧ್ಯಕ್ಷ ರೇಗನ್ ಅವರ ಸರ್ಕಾರ ಜಿಪಿಎಸ್ ಅನ್ನು ನಾಗರಿಕರೂ ಬಳಸಬಹುದೆಂದು ಘೋಷಿಸಿತು. ಆದರೆ ನಾಗರಿಕರಿಗೆ ಸಿಗುವ ಸಂಕೇತವನ್ನು ಸೇನೆ ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ಇದರಿಂದ ನೂರು ಮೀಟರ್‌ವರೆಗೂ ತಪ್ಪು ಬರುತ್ತಿತ್ತು. ಹಡಗಿಗೆ ಅಷ್ಟು ಸಾಕು, ಪೊದೆಯಲ್ಲಿ ಅಡಗಿಸಿದ ಡಬ್ಬಿಗೆ ಅಲ್ಲ. ನೂರು ಮೀಟರ್ ತ್ರಿಜ್ಯದ ವೃತ್ತವೆಂದರೆ ಮೂರು ಹೆಕ್ಟೇರಿಗೂ ಮಿಕ್ಕ ಕಾಡು.

ಅಧ್ಯಕ್ಷ ಕ್ಲಿಂಟನ್ ಅವರ ಆದೇಶದಂತೆ 2000ದ ಮೇ 1ರ ಮಧ್ಯರಾತ್ರಿಗೆ ಈ ಕೃತಕ ದೋಷವನ್ನು ನಿಲ್ಲಿಸಲಾಯಿತು. ಜನರ ಬಳಿ ಅದಾಗಲೇ ಇದ್ದ ಗ್ರಾಹಿಗಳು ಯಾವ ದುರಸ್ತಿಯೂ ಇಲ್ಲದೆ ರಾತ್ರೋರಾತ್ರಿ ಹತ್ತು ಪಟ್ಟು ನಿಖರವಾದವು. ತಪ್ಪು 10ರಿಂದ 20 ಮೀಟರಿಗೆ ಇಳಿಯಿತು. ಅಲ್ಮರ್ ಅವರ ಬಕೆಟ್ ಈ ಹೊಸ ನಿಖರತೆಯನ್ನು ಪರೀಕ್ಷಿಸುವ ಪ್ರಯೋಗವಾಗಿತ್ತು. ಆದೇಶ ಜಾರಿಗೆ ಬಂದ ಮರುದಿನವೇ ಆಟ ಶುರುವಾದದ್ದು ಈ ಕಾರಣದಿಂದ.

ಹಳದಿ ಇಟ್ರೆಕ್ಸ್ ಮತ್ತು ಕಾಗದದ ಕಟ್ಟು

ಕೈಯಲ್ಲಿ ಹಿಡಿಯುವಂಥ ಮೊದಲ ವಾಣಿಜ್ಯ ಜಿಪಿಎಸ್ ಗ್ರಾಹಿ ಮೆಗೆಲನ್ ಕಂಪನಿಯ ನ್ಯಾವ್ 1000. ಅದು 1989ರಲ್ಲಿ ಬಂದಾಗ ಬೆಲೆ ಸುಮಾರು 3000 ಡಾಲರ್. ಇಟ್ಟಿಗೆಯಷ್ಟು ದಪ್ಪನೆಯ ಅದನ್ನು ಹೆಚ್ಚಾಗಿ ದೋಣಿಗಳಲ್ಲಿ ಬಳಸುತ್ತಿದ್ದರು. ಅದೇ ವರ್ಷ ಗ್ಯಾರಿ ಬರೆಲ್ ಮತ್ತು ಮಿನ್ ಕಾವ್ ಎಂಬ ಇಬ್ಬರು ಎಂಜಿನಿಯರುಗಳು ಕ್ಯಾನ್ಸಸ್ ರಾಜ್ಯದಲ್ಲಿ ಕಟ್ಟಿದ ಕಂಪನಿ ಮುಂದೆ ಗಾರ್ಮಿನ್ ಎಂದು ಹೆಸರಾಯಿತು. 1990ರ ದಶಕದುದ್ದಕ್ಕೂ ಈ ಎರಡು ಕಂಪನಿಗಳ ಪೈಪೋಟಿಯಿಂದ ಗ್ರಾಹಿಗಳು ಸಣ್ಣದಾದವು, ಅಗ್ಗವಾದವು, ಒಮ್ಮೆಗೆ ಹನ್ನೆರಡು ಉಪಗ್ರಹಗಳನ್ನು ಹಿಂಬಾಲಿಸುವಷ್ಟು ಚುರುಕಾದವು.

ಆಟ ಹುಟ್ಟಿದ ವರ್ಷವೇ ಗಾರ್ಮಿನ್ ಹೊರತಂದ ಹಳದಿ ಬಣ್ಣದ ಇಟ್ರೆಕ್ಸ್ ಮೊದಲ ಪೀಳಿಗೆಯ ಆಟಗಾರರ ಗುರುತಾಯಿತು. ಅದರ ತೂಕ ಸುಮಾರು 150 ಗ್ರಾಂ. ಬದಿಗಳಲ್ಲಿ ಐದು ಗುಂಡಿ, ಕಪ್ಪು ಬಿಳುಪಿನ ಪುಟ್ಟ ಪರದೆ, ಎರಡು ಪೆನ್ಸಿಲ್ ಸೆಲ್‌ನಲ್ಲಿ 22 ಗಂಟೆಯ ಆಯಸ್ಸು. ಅದರೊಳಗೆ ನಕ್ಷೆ ಇರಲಿಲ್ಲ. ತಲುಪಬೇಕಾದ ಬಿಂದುವಿನ ಅಂಕಿಗಳನ್ನು ಗುಂಡಿ ಒತ್ತಿ ಒತ್ತಿ ತುಂಬಿದರೆ, ಪರದೆಯ ಮೇಲೊಂದು ಬಾಣ ಮೂಡಿ ದಿಕ್ಕನ್ನೂ ದೂರವನ್ನೂ ತೋರಿಸುತ್ತಿತ್ತು. ನಡುವೆ ಹೊಳೆಯಿದೆಯೋ, ಬೇಲಿಯಿದೆಯೋ, ಕಮರಿಯಿದೆಯೋ ಅದು ಹೇಳುತ್ತಿರಲಿಲ್ಲ. ನಿಂತಲ್ಲಿ ಬಾಣವೂ ದಿಕ್ಕು ತಪ್ಪುತ್ತಿತ್ತು: ಕಾಂತೀಯ ದಿಕ್ಸೂಚಿ ಇಲ್ಲದ ಗ್ರಾಹಿಗೆ ತಾನು ಯಾವ ಕಡೆ ಮುಖ ಮಾಡಿದ್ದೇನೆಂದು ತಿಳಿಯಬೇಕಾದರೆ ನಾಲ್ಕು ಹೆಜ್ಜೆಯಾದರೂ ನಡೆಯಬೇಕು.

ಮೈಕ್ ಟೀಗ್ ಡಬ್ಬಿಗಳ ಪಟ್ಟಿಯನ್ನು ತಮ್ಮ ಜಾಲಪುಟದಲ್ಲಿ ಇಡತೊಡಗಿದ್ದರು. ಅದನ್ನು ಕಂಡ ಜೆರೆಮಿ ಐರಿಶ್ 2000ದ ಸೆಪ್ಟೆಂಬರ್ 2ರಂದು ಜಿಯೋಕ್ಯಾಶಿಂಗ್ ಡಾಟ್ ಕಾಮ್ ಆರಂಭಿಸಿದಾಗ ಪ್ರಪಂಚದಲ್ಲಿದ್ದ ಡಬ್ಬಿಗಳ ಸಂಖ್ಯೆ ಬರೀ 75. ಆ ತಾಣವನ್ನು ನಡೆಸಲು ಸಿಯಾಟಲ್‌ನಲ್ಲಿ ಹುಟ್ಟಿದ ಗ್ರೌಂಡ್‌ಸ್ಪೀಕ್ ಕಂಪನಿ ಆಟಕ್ಕೆ ಶಿಸ್ತು ತಂದಿತು. ಪ್ರತಿ ಡಬ್ಬಿಗೂ ಒಂದು ಪುಟ, ವಿವರಣೆ, ಸುಳಿವು, ದಾರಿಯ ಕಠಿಣತೆಗೆ ಅಂಕ, ಹುಡುಕಿದವರ ಅನುಭವದ ದಾಖಲೆ ಬಂದವು. ನೆಲೆಯನ್ನು ಡಿಗ್ರಿ ಮತ್ತು ಮಿನಿಟುಗಳಲ್ಲಿ, ಮಿನಿಟಿನ ಸಾವಿರದ ಒಂದು ಅಂಶದವರೆಗೆ ಬರೆಯುವುದು ರೂಢಿಯಾಯಿತು. ಅಕ್ಷಾಂಶದಲ್ಲಿ ಆ ಕೊನೆಯ ಅಂಕಿ ಒಂದು ಬದಲಾದರೆ ನೆಲದ ಮೇಲೆ 1.85 ಮೀಟರ್ ಬದಲಾಗುತ್ತದೆ. ಅಂದರೆ ಬರವಣಿಗೆಯ ನಿಖರತೆ ಉಪಕರಣದ ನಿಖರತೆಗಿಂತ ಯಾವಾಗಲೂ ಒಂದು ಹೆಜ್ಜೆ ಮುಂದಿತ್ತು.

ಈ ಮಾಹಿತಿಯೆಲ್ಲ ಮನೆಯ ಕಂಪ್ಯೂಟರಿನಲ್ಲಿತ್ತು, ಕಾಡಿಗೆ ಹೋಗುವ ಉಪಕರಣದಲ್ಲಿ ಇರಲಿಲ್ಲ. ಹಾಗಾಗಿ ಆಟಗಾರರು ಹೊರಡುವ ಹಿಂದಿನ ರಾತ್ರಿ ಪುಟಗಳನ್ನು ಮುದ್ರಿಸಿ, ಕಟ್ಟು ಕಟ್ಟಿ ಕೊಂಡೊಯ್ಯುತ್ತಿದ್ದರು. ಅಂಕಿಗಳನ್ನು ಕೈಯಿಂದ ತುಂಬುವಾಗ ಒಂದು ಅಂಕಿ ತಪ್ಪಿದರೂ ಇಡೀ ದಿನ ವ್ಯರ್ಥ. ಮಳೆ ಬಂದರೆ ಸುಳಿವಿನ ಕಾಗದ ಮುದ್ದೆ. ದಾರಿಯಲ್ಲಿ ಇನ್ನೊಂದು ಡಬ್ಬಿ ಇದೆಯೆಂದು ನೆನಪಾದರೂ ಅದರ ಪುಟ ಜೊತೆಗಿಲ್ಲದಿದ್ದರೆ ಹುಡುಕುವಂತಿರಲಿಲ್ಲ.

ಕಾಗದವನ್ನು ಬಿಟ್ಟ ಹೆಜ್ಜೆಗಳು

ಈ ತೊಡಕನ್ನು ಬಿಡಿಸಿದ್ದು ಕಡತದ ಒಂದು ಹೊಸ ವಿನ್ಯಾಸ. 2002ರಲ್ಲಿ ಬಂದ ಜಿಪಿಎಕ್ಸ್ ವಿನ್ಯಾಸದಲ್ಲಿ ಸ್ಥಳದ ಅಂಕಿಗಳ ಜೊತೆಗೆ ವಿವರಣೆ, ಸುಳಿವು, ಹಳೆಯ ದಾಖಲೆಗಳೂ ಒಂದೇ ಕಡತದಲ್ಲಿ ಇರಬಹುದಾಗಿತ್ತು. ಚಂದಾ ಕೊಟ್ಟ ಸದಸ್ಯರು ಒಂದು ಪ್ರದೇಶದ ನೂರಾರು ಡಬ್ಬಿಗಳ ಮಾಹಿತಿಯನ್ನು ಒಟ್ಟಿಗೆ ಇಳಿಸಿಕೊಂಡು, ಕೇಬಲ್ ಮೂಲಕ ಉಪಕರಣಕ್ಕೆ ತುಂಬತೊಡಗಿದರು. ಕೈಬೆರಳಿನ ತಪ್ಪುಗಳು ನಿಂತವು. ಆದರೂ ಅಂದಿನ ಗ್ರಾಹಿಗಳು ಆ ಕಡತದಿಂದ ಹೆಸರು ಮತ್ತು ನೆಲೆಯನ್ನಷ್ಟೇ ಓದಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತಿದ್ದವು. ವಿವರ ಓದಲು ಹಲವರು ಪಾಮ್ ಕಂಪನಿಯ ಅಂಗೈ ಕಂಪ್ಯೂಟರನ್ನು ಇನ್ನೊಂದು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದರು. ನೆಲೆಗೆ ಒಂದು ಸಾಧನ, ಮಾಹಿತಿಗೆ ಇನ್ನೊಂದು ಎಂಬ ಈ ಜೋಡಿ ಕೆಲವು ವರ್ಷ ನಡೆಯಿತು. ಸ್ಮಾರ್ಟ್‌ಫೋನ್ ಮುಂದೆ ಯಾವ ಕೊರತೆಯನ್ನು ತುಂಬಲಿದೆ ಎಂಬುದು ಈ ಜೋಡಿಯಲ್ಲೇ ಸ್ಪಷ್ಟವಾಗಿತ್ತು.

ಇದೇ ಅವಧಿಯಲ್ಲಿ ನೆಲೆ ಹೇಳುವ ಸಾಮರ್ಥ್ಯವೂ ಬೆಳೆಯಿತು. ವಿಮಾನಯಾನಕ್ಕೆಂದು ಅಮೆರಿಕ ರೂಪಿಸಿದ ವಾಸ್ ಎಂಬ ತಿದ್ದುಪಡಿ ವ್ಯವಸ್ಥೆ 2003ರ ಜುಲೈನಲ್ಲಿ ಬಳಕೆಗೆ ಬಂತು. ನೆಲದ ಕೇಂದ್ರಗಳು ಅಳೆದ ತಪ್ಪನ್ನು ಭೂಸ್ಥಿರ ಉಪಗ್ರಹದ ಮೂಲಕ ಬಿತ್ತರಿಸುವ ಈ ವ್ಯವಸ್ಥೆಯಿಂದ ತೆರೆದ ಬಯಲಿನಲ್ಲಿ ತಪ್ಪು ಮೂರು ಮೀಟರಿನ ಆಸುಪಾಸಿಗೆ ಇಳಿಯಿತು. ಭಾರತದಲ್ಲಿ ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಕೂಡಿ ಕಟ್ಟಿದ ಗಗನ್ ವ್ಯವಸ್ಥೆಯೂ ಇದೇ ಬಗೆಯದು. ಅದರ ಮುಖ್ಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ.

ಮರಗಳ ಕೆಳಗಿನ ಕಷ್ಟ ಮಾತ್ರ ತಿದ್ದುಪಡಿಯಿಂದ ನೀಗುವಂಥದ್ದಾಗಿರಲಿಲ್ಲ. ಉಪಗ್ರಹದ ಸಂಕೇತ ನೆಲ ಮುಟ್ಟುವಾಗ ಸುತ್ತಲ ರೇಡಿಯೊ ಗದ್ದಲಕ್ಕಿಂತಲೂ ಕ್ಷೀಣವಾಗಿರುತ್ತದೆ. ಒದ್ದೆ ಎಲೆಗಳ ಚಪ್ಪರ ಅದನ್ನು ಇನ್ನಷ್ಟು ಹೀರುತ್ತದೆ. ಹಳೆಯ ಗ್ರಾಹಿಗಳು ದಟ್ಟ ಕಾಡಿನಲ್ಲಿ ಉಪಗ್ರಹಗಳನ್ನೇ ಕಳೆದುಕೊಂಡು ಸುಮ್ಮನಾಗುತ್ತಿದ್ದವು. ಸರ್ಫ್‌ಸ್ಟಾರ್ 3 ಎಂಬ ಹೆಚ್ಚು ಸೂಕ್ಷ್ಮ ಚಿಪ್ಪನ್ನೂ ಸುರುಳಿಯಾಕಾರದ ಆಂಟೆನಾವನ್ನೂ ಹೊಂದಿದ್ದ ಗಾರ್ಮಿನ್ ಜಿಪಿಎಸ್‌ಮ್ಯಾಪ್ 60ಸಿಎಸ್ಎಕ್ಸ್ 2006ರಲ್ಲಿ ಬಂದಾಗ ಈ ಕಷ್ಟ ಬಹುಮಟ್ಟಿಗೆ ಬಗೆಹರಿಯಿತು. ಕಾಡಿನ ಆಟಗಾರರು ಆ ಮಾದರಿಯನ್ನು ವರ್ಷಗಟ್ಟಲೆ ಬಿಡಲಿಲ್ಲ. ಅಂತಿಮವಾಗಿ 2008ರಲ್ಲಿ ಗಾರ್ಮಿನ್‌ನ ಕೊಲರಾಡೊ ಮತ್ತು ಆರೆಗನ್ ಮಾದರಿಗಳು ಡಬ್ಬಿಯ ಇಡೀ ಪುಟವನ್ನು ಪರದೆಯ ಮೇಲೆಯೇ ತೋರಿಸಿದವು. ಕಾಗದವೂ ಅಂಗೈ ಕಂಪ್ಯೂಟರೂ ಮನೆಯಲ್ಲೇ ಉಳಿದವು. ಹ್ಯಾಂಡ್‌ಹೆಲ್ಡ್ ಜಿಪಿಎಸ್ ತನ್ನ ಅರಿವಿನ ಕೊರತೆಯನ್ನು ತುಂಬಿಕೊಂಡ ವರ್ಷವೇ ಅದಕ್ಕೆ ನಿಜವಾದ ಪ್ರತಿಸ್ಪರ್ಧಿಯೂ ಬಂತು.

ಫೋನಿಗೆ ಜಿಪಿಎಸ್ ಬಂದ ಬಗೆ

ಫೋನಿನೊಳಗೆ ಜಿಪಿಎಸ್ ಸೇರಿದ್ದಕ್ಕೆ ನಕ್ಷೆಯಾಗಲಿ ಆಟವಾಗಲಿ ಮೊದಲ ಕಾರಣವಲ್ಲ. ಮೊಬೈಲಿನಿಂದ ತುರ್ತು ಕರೆ ಮಾಡಿದವರು ಎಲ್ಲಿದ್ದಾರೆಂದು ತಿಳಿಯಬೇಕೆಂಬ ಒತ್ತಾಯ ಅಮೆರಿಕದಲ್ಲಿ ಬಲವಾಗಿತ್ತು. ಅಲ್ಲಿನ ದೂರಸಂಪರ್ಕ ಆಯೋಗ 1996ರಲ್ಲಿ ಈ ಬಗ್ಗೆ ನಿಯಮ ಮಾಡಿತು. ಸ್ಥಳ ಹೇಳುವ ಸಾಮರ್ಥ್ಯ ಹ್ಯಾಂಡ್‌ಸೆಟ್ಟಿನಲ್ಲೇ ಇರುವ ಪಕ್ಷದಲ್ಲಿ ಮೂರರಲ್ಲಿ ಎರಡು ಪಾಲು ಕರೆಗಳ ನೆಲೆ 50 ಮೀಟರಿನೊಳಗೆ ಸಿಗಬೇಕೆಂದು ಮುಂದೆ ಗೊತ್ತುಮಾಡಲಾಯಿತು. ಈ ಕಟ್ಟಳೆಯನ್ನು ಪಾಲಿಸಲು ಕಂಪನಿಗಳು ಜಿಪಿಎಸ್ ಚಿಪ್ಪುಗಳನ್ನು ಫೋನಿಗೆ ಇಳಿಸತೊಡಗಿದವು. ಇತ್ತ ಫಿನ್ಲೆಂಡಿನ ಬೆನೆಫಾನ್ ಕಂಪನಿ 1999ರಲ್ಲೇ ಜಿಪಿಎಸ್ ಇರುವ ಎಸ್ಕ್ ಎಂಬ ಮೊಬೈಲ್ ಫೋನನ್ನು ಮಾರುಕಟ್ಟೆಗೆ ತಂದಿತ್ತು.

ಫೋನಿನ ಪುಟ್ಟ ಆಂಟೆನಾ ಮತ್ತು ಸೀಮಿತ ಬ್ಯಾಟರಿಗೆ ಜಿಪಿಎಸ್ ಭಾರವಾಗಿತ್ತು. ಉಪಗ್ರಹವು ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ ಬರೀ 50 ಬಿಟ್‌ಗಳ ವೇಗದಲ್ಲಿ ಕಳಿಸುತ್ತದೆ. ಅಗತ್ಯವಾದ ಒಂದು ಕಂತು ಬರಲು 30 ಸೆಕೆಂಡು ಬೇಕು. ಎಲ್ಲ ಉಪಗ್ರಹಗಳ ಸಂಪೂರ್ಣ ಪಂಚಾಂಗ ಬರಲು ಹನ್ನೆರಡೂವರೆ ನಿಮಿಷ. ನಡುವೆ ಸಂಕೇತ ಕಡಿದರೆ ಮತ್ತೆ ಕಾಯಬೇಕು. ಸಹಾಯಿತ ಜಿಪಿಎಸ್ ಎಂಬ ವಿಧಾನ ಈ ಸಮಸ್ಯೆಯನ್ನು ಬೇರೆ ದಾರಿಯಿಂದ ಬಿಡಿಸಿತು. ಕಕ್ಷೆಯ ವಿವರವನ್ನೂ ಸರಿಸುಮಾರು ನೆಲೆಯನ್ನೂ ಮೊಬೈಲ್ ಜಾಲವೇ ಫೋನಿಗೆ ಕಳಿಸುತ್ತದೆ. ಫೋನು ಉಪಗ್ರಹದ ಸಂಕೇತವನ್ನು ಅಳೆದರೆ ಸಾಕು. ಕೆಲವೇ ಸೆಕೆಂಡುಗಳಲ್ಲಿ ನೆಲೆ ಸಿಗುತ್ತದೆ. ಮೊಬೈಲ್ ಜಾಲವಿಲ್ಲದ ಕಡೆ ಫೋನಿನ ಜಿಪಿಎಸ್ ಕೆಲಸವೇ ಮಾಡುವುದಿಲ್ಲ ಎಂಬ ತಪ್ಪು ನಂಬಿಕೆ ಹುಟ್ಟಿದ್ದು ಇಲ್ಲಿಂದ. ಜಾಲವಿಲ್ಲದಾಗ ಮೊದಲ ಬಾರಿ ನೆಲೆ ಹಿಡಿಯಲು ತಡವಾಗುತ್ತದೆ, ಹಿಡಿದ ಮೇಲೆ ಫೋನು ಉಳಿದ ಗ್ರಾಹಿಗಳಂತೆಯೇ ಉಪಗ್ರಹಗಳನ್ನು ಮಾತ್ರ ನೆಚ್ಚಿ ನಡೆಯುತ್ತದೆ. ಕಾಡಿನಲ್ಲಿ ಕೈಕೊಡುವುದು ಅಂತರಜಾಲದಿಂದ ಬರಬೇಕಾದ ನಕ್ಷೆ. ಅದನ್ನು ಮುಂಚೆಯೇ ಇಳಿಸಿಟ್ಟುಕೊಂಡರೆ ಈ ತೊಂದರೆ ಇಲ್ಲ.

2007ರಲ್ಲಿ ಬಂದ ಮೊದಲ ಐಫೋನಿನಲ್ಲಿ ಜಿಪಿಎಸ್ ಇರಲಿಲ್ಲ. 2008ರ ಜುಲೈ 11ರಂದು ಬಂದ ಐಫೋನ್ 3ಜಿಯಲ್ಲಿ ಸಹಾಯಿತ ಜಿಪಿಎಸ್ ಇತ್ತು, ಅನ್ಯರು ಬರೆದ ಆ್ಯಪ್‌ಗಳನ್ನು ಕೊಳ್ಳುವ ಅಂಗಡಿಯೂ ಜೊತೆಗೇ ತೆರೆಯಿತು. ಅದೇ ಅಕ್ಟೋಬರಿನಲ್ಲಿ ಮೊದಲ ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂತು. ಗ್ರೌಂಡ್‌ಸ್ಪೀಕ್ ತನ್ನದೇ ಆ್ಯಪ್ ಹೊರತಂದಿತು. ಆಂಡ್ರಾಯ್ಡ್‌ನಲ್ಲಿ ಹವ್ಯಾಸಿಗಳು ಕಟ್ಟಿದ ಸಿ:ಜಿಯೊ ಎಂಬ ಮುಕ್ತ ತಂತ್ರಾಂಶ ಜನಪ್ರಿಯವಾಯಿತು. ಇವುಗಳಿಂದ ಆಟದ ಕ್ರಮವೇ ತಿರುಗಿತು. ಹಿಂದಿನ ರಾತ್ರಿಯ ತಯಾರಿ ಬೇಕಿರಲಿಲ್ಲ. ಬಸ್ಸಿಗೆ ಕಾಯುವಾಗ ಫೋನು ತೆಗೆದರೆ ಹತ್ತಿರದ ಡಬ್ಬಿ ಕಾಣುತ್ತಿತ್ತು. ಅಲ್ಲಿಂದಲೇ ಸುಳಿವು ಓದಬಹುದು, ಹಿಂದಿನವರು ಏನು ಬರೆದಿದ್ದಾರೆಂದು ನೋಡಬಹುದು, ಸಿಕ್ಕ ಕೂಡಲೇ ದಾಖಲಿಸಬಹುದು. ಉಪಕರಣಕ್ಕೆ ನೂರಾರು ಡಾಲರ್ ಸುರಿಯದೆ ಆಟವನ್ನು ಒಮ್ಮೆ ಆಡಿ ನೋಡಲು ಸಾಧ್ಯವಾಯಿತು. ಪ್ರಪಂಚದ ಡಬ್ಬಿಗಳ ಸಂಖ್ಯೆ 2010ರಲ್ಲಿ 10 ಲಕ್ಷ ಮುಟ್ಟಿತು, 2013ರಲ್ಲಿ 20 ಲಕ್ಷ, 2017ರಲ್ಲಿ 30 ಲಕ್ಷ. ಮೊದಲ ಹತ್ತು ಲಕ್ಷಕ್ಕೆ ಹತ್ತು ವರ್ಷ ಬೇಕಾಯಿತು, ಎರಡನೆಯದಕ್ಕೆ ಮೂರು ವರ್ಷ ಸಾಕಾಯಿತು.

ನಿಖರತೆಯ ವಾದ

ಫೋನಿನಿಂದ ಹುಡುಕುವವರ ಬಗ್ಗೆ ಹಳೆಯ ಆಟಗಾರರಿಗೆ ತಕರಾರಿತ್ತು, ಅದರಲ್ಲಿ ಹುರುಳೂ ಇತ್ತು. ಮೊದಲ ಫೋನುಗಳ ಬಾಣ ಮರದ ಕೆಳಗೆ ಹತ್ತಿಪ್ಪತ್ತು ಮೀಟರ್ ಅತ್ತಿತ್ತ ಕುಣಿಯುತ್ತಿತ್ತು. ಐಫೋನಿನಲ್ಲಿ ಕಾಂತೀಯ ದಿಕ್ಸೂಚಿ ಬಂದದ್ದೇ 2009ರ 3ಜಿಎಸ್ ಮಾದರಿಯಲ್ಲಿ. ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಬಚ್ಚಿಡುವವರನ್ನು ಕುರಿತದ್ದು. ಹುಡುಕುವವರ ಸಾಧನ ತಪ್ಪಿದರೆ ಒಬ್ಬರಿಗೆ ಮಾತ್ರ ತೊಂದರೆ. ಬಚ್ಚಿಟ್ಟವರು ತಪ್ಪು ನೆಲೆ ಬರೆದರೆ ಮುಂದೆ ಬರುವ ಪ್ರತಿಯೊಬ್ಬರೂ ತಪ್ಪು ಜಾಗದಲ್ಲಿ ಪೊದೆ ಕೆದಕುತ್ತಾರೆ, ಗಿಡಗಂಟಿ ತುಳಿಯುತ್ತಾರೆ. ಎರಡು ತಪ್ಪುಗಳು ಕೂಡಿಕೊಳ್ಳುವುದೂ ಉಂಟು: ಇಟ್ಟವರ ಸಾಧನ ಪೂರ್ವಕ್ಕೆ ಆರು ಮೀಟರ್ ತಪ್ಪಿ, ಹುಡುಕುವವರದು ಪಶ್ಚಿಮಕ್ಕೆ ಆರು ಮೀಟರ್ ತಪ್ಪಿದರೆ ಅಂತರ ಹನ್ನೆರಡು ಮೀಟರ್.

ಈ ಕಾರಣಕ್ಕೆ ಅನುಭವಿಗಳು ಬಚ್ಚಿಡುವಾಗ ಒಂದೇ ಓದಿಗೆ ತೃಪ್ತರಾಗುವುದಿಲ್ಲ. ಉಪಕರಣವನ್ನು ಡಬ್ಬಿಯ ಮೇಲಿಟ್ಟು ಹಲವು ನಿಮಿಷ ಬಿಟ್ಟು ಸರಾಸರಿ ತೆಗೆಯುತ್ತಾರೆ. ಇನ್ನೊಂದು ದಿನ, ಉಪಗ್ರಹಗಳ ಜೋಡಣೆ ಬೇರೆಯಾಗಿರುವಾಗ ಮತ್ತೆ ಬಂದು ಅಳೆದು ತಾಳೆ ನೋಡುತ್ತಾರೆ. ಗಾರ್ಮಿನ್ ಉಪಕರಣಗಳಲ್ಲಿ ಸರಾಸರಿ ತೆಗೆಯುವ ಸೌಲಭ್ಯ ಒಳಗೇ ಇದ್ದದ್ದರಿಂದ, ಹುಡುಕಲು ಫೋನಿಗೆ ತಿರುಗಿದವರೂ ಬಚ್ಚಿಡಲು ಬಹುಕಾಲ ಹಳೆಯ ಉಪಕರಣವನ್ನೇ ಬಳಸಿದರು. ಫೋನಿನ ಆ್ಯಪ್‌ಗಳಲ್ಲೂ ಈಗ ಈ ಸೌಲಭ್ಯ ಸಿಗುತ್ತದೆ.

ಫೋನಿನ ಚಿಪ್ಪುಗಳು ವರ್ಷದಿಂದ ವರ್ಷಕ್ಕೆ ಸುಧಾರಿಸಿದವು. ಅಮೆರಿಕದ ಜಿಪಿಎಸ್ ಆಡಳಿತವೇ ಉಲ್ಲೇಖಿಸುವಂತೆ, ತೆರೆದ ಆಕಾಶದ ಕೆಳಗೆ ಸ್ಮಾರ್ಟ್‌ಫೋನಿನ ನಿಖರತೆ ಸಾಮಾನ್ಯವಾಗಿ 4.9 ಮೀಟರ್ ತ್ರಿಜ್ಯದೊಳಗಿದೆ. ರಷ್ಯಾದ ಗ್ಲೊನಾಸ್ ಉಪಗ್ರಹಗಳ ನೆರವು ಗಾರ್ಮಿನ್‌ನ ಹೊಸ ಇಟ್ರೆಕ್ಸ್‌ಗಳಿಗೂ ಐಫೋನ್ 4ಎಸ್‌ಗೂ ಒಂದೇ ವರ್ಷ, 2011ರಲ್ಲಿ, ದೊರೆಯಿತು. ಯುರೋಪಿನ ಗೆಲಿಲಿಯೊ 2016ರ ಡಿಸೆಂಬರಿನಲ್ಲಿ ಸೇವೆ ಆರಂಭಿಸಿತು. ಉಪಗ್ರಹಗಳು ಹೆಚ್ಚಾದಷ್ಟೂ ಮರಗಳ ಸಂದಿಯಲ್ಲಿ, ಕಟ್ಟಡಗಳ ನಡುವೆ ಕಾಣುವ ಆಕಾಶದ ತುಣುಕಿನಲ್ಲೇ ಸಾಕಷ್ಟು ಉಪಗ್ರಹಗಳು ಸಿಗುತ್ತವೆ.

ಕಟ್ಟಡ, ಬಂಡೆ, ಕಾಂಡಗಳಿಗೆ ಬಡಿದು ಸುತ್ತಿ ಬರುವ ಸಂಕೇತ ಮಾತ್ರ ದೂರವನ್ನು ಹೆಚ್ಚಿಸಿ ತೋರಿಸಿ ಮೋಸ ಮಾಡುತ್ತದೆ. ಇದಕ್ಕೆ ಪರಿಹಾರ ಎಲ್5 ಎಂಬ ಎರಡನೆಯ ತರಂಗಾಂತರದಲ್ಲಿತ್ತು. ಹಳೆಯ ನಾಗರಿಕ ಸಂಕೇತದ ಒಂದು ಸಂಕೇತಘಟಕ ಸುಮಾರು 300 ಮೀಟರ್ ಉದ್ದ, ಎಲ್5ರದು 30 ಮೀಟರ್. ಘಟಕ ಚಿಕ್ಕದಾದಷ್ಟೂ ನೇರ ಬಂದ ಸಂಕೇತವನ್ನು ಪ್ರತಿಫಲಿಸಿ ಬಂದದ್ದರಿಂದ ಬೇರ್ಪಡಿಸುವುದು ಸುಲಭ. ಈ ಎರಡೂ ತರಂಗಾಂತರಗಳನ್ನು ಬಳಸಿದ ಮೊದಲ ಸ್ಮಾರ್ಟ್‌ಫೋನ್ 2018ರ ಶವೋಮಿ ಮಿ 8. ಗಾರ್ಮಿನ್‌ನ ಬಹುತರಂಗಾಂತರದ ಜಿಪಿಎಸ್‌ಮ್ಯಾಪ್ 65 ಬಂದದ್ದು 2020ರಲ್ಲಿ. ನೆಲೆ ಹೇಳುವುದೇ ಕಸುಬಾದ ಉಪಕರಣಕ್ಕಿಂತ ಎರಡು ವರ್ಷ ಮುಂಚೆ ಫೋನಿಗೆ ಈ ಸಾಮರ್ಥ್ಯ ಬಂದಿತ್ತು. ನಿಖರತೆಯೊಂದನ್ನೇ ಮುಂದಿಟ್ಟು ನಡೆಯುತ್ತಿದ್ದ ವಾದ ಅಲ್ಲಿಗೆ ತನ್ನ ಬಲ ಕಳೆದುಕೊಂಡಿತು.

ಈ ಅಧ್ಯಾಯದಲ್ಲಿ ಕರ್ನಾಟಕಕ್ಕೂ ಪಾಲಿದೆ. ಭಾರತದ ಸ್ವಂತ ಪಥದರ್ಶನ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. 2016ರಲ್ಲಿ ನಾವಿಕ್ ಎಂದು ಹೆಸರು ಪಡೆದ ಈ ವ್ಯವಸ್ಥೆ ಭಾರತವನ್ನೂ ಗಡಿಯಿಂದಾಚೆ 1500 ಕಿಲೋಮೀಟರ್‌ವರೆಗಿನ ಪ್ರದೇಶವನ್ನೂ ಆವರಿಸುತ್ತದೆ. ಇದರ ಪಥದರ್ಶನ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ. ನಾವಿಕ್ ಮೊದಲಿನಿಂದಲೂ ಎಲ್5 ತರಂಗಾಂತರವನ್ನೇ ಆಧರಿಸಿದ್ದರಿಂದ, ಒಂದೇ ತರಂಗಾಂತರದ ಹಳೆಯ ಫೋನುಗಳಿಗೆ ಅದು ಕೇಳಿಸುತ್ತಿರಲಿಲ್ಲ. 2020ರಿಂದ ಅದನ್ನು ಬೆಂಬಲಿಸುವ ಚಿಪ್ಪುಗಳು ಭಾರತದ ಫೋನುಗಳಲ್ಲಿ ಬರತೊಡಗಿದವು. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹ, ಹಳೆಯ ನಾಗರಿಕ ಸಂಕೇತದ ತರಂಗಾಂತರವಾದ ಎಲ್1ರಲ್ಲೂ ಸಂಕೇತವನ್ನು ಸೇರಿಸಿಕೊಂಡಿತು.

ಕಂಪನಿಗಳ ಏಳುಬೀಳು

ಫೋನಿನ ಹೊಡೆತ ಮೊದಲು ಬಿದ್ದದ್ದು ಕಾರಿನ ಜಿಪಿಎಸ್ ಮಾರಾಟದ ಮೇಲೆ. 2009ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ನಕ್ಷೆಯಲ್ಲಿ ತಿರುವು ತಿರುವಿಗೂ ದಾರಿ ಹೇಳುವ ಸೇವೆಯನ್ನು ಉಚಿತವಾಗಿ ಕೊಡುವುದಾಗಿ ಪ್ರಕಟಿಸಿದ ದಿನವೇ ಗಾರ್ಮಿನ್ ಮತ್ತು ಟಾಮ್‌ಟಾಮ್ ಷೇರುಗಳ ಬೆಲೆ ಕುಸಿಯಿತು. ಗಾರ್ಮಿನ್ ಅದಾಗಲೇ ಅಸುಸ್ ಜೊತೆ ಸೇರಿ ನುವಿಫೋನ್ ಎಂಬ ಜಿಪಿಎಸ್ ಫೋನನ್ನು ಮಾಡಿತ್ತು. 2008ರ ಜನವರಿಯಲ್ಲಿ ಘೋಷಣೆಯಾದ ಅದು ಅಂಗಡಿಗೆ ಬರುವಷ್ಟರಲ್ಲಿ 2009 ಮುಗಿಯುತ್ತ ಬಂದಿತ್ತು. ಅದು ನೆಲೆ ಕಾಣಲಿಲ್ಲ. ಮೆಗೆಲನ್ ಕಂಪನಿಯ ಗ್ರಾಹಕ ವಿಭಾಗ ತೈವಾನಿನ ಮಿಟ್ಯಾಕ್ ಕೈಸೇರಿತು. ಅದು 2010ರಲ್ಲಿ ಈ ಆಟಕ್ಕೆಂದೇ ಎಕ್ಸ್‌ಪ್ಲೋರಿಸ್ಟ್ ಜಿಸಿ ಎಂಬ ಉಪಕರಣ ತಂದರೂ ಗಾರ್ಮಿನ್‌ಗೆ ಸರಿಸಾಟಿಯಾಗಿ ಉಳಿಯಲಿಲ್ಲ. ನಕ್ಷೆಗಳಿಗೆ ಹೆಸರಾದ ಡಿಲೋರ್ಮ್ ಕಂಪನಿಯನ್ನು 2016ರಲ್ಲಿ ಗಾರ್ಮಿನ್ನೇ ಕೊಂಡಿತು. 2010ರ ಕೊನೆಗೆ ಗಾರ್ಮಿನ್ ಆರಂಭಿಸಿದ ಸ್ವಂತ ಆಟದ ತಾಣ ಐದು ವರ್ಷದೊಳಗೆ ಮುಚ್ಚಿತು. ಉಪಕರಣ ಎಷ್ಟೇ ಚೆನ್ನಾಗಿದ್ದರೂ ಆಟದ ಜೀವ ಡಬ್ಬಿಗಳ ಪಟ್ಟಿಯಲ್ಲಿದೆ, ಅದನ್ನು ಕಟ್ಟಿದ್ದು ಲಕ್ಷಾಂತರ ಆಟಗಾರರು ಎಂಬುದು ಇದರಿಂದ ಸ್ಪಷ್ಟವಾಯಿತು.

ಗಾರ್ಮಿನ್ ಉಳಿದದ್ದು ಫೋನಿಗೆ ಎದುರಾಗಿ ನಿಂತು ಅಲ್ಲ, ಅದರ ಜೊತೆ ಕೈಜೋಡಿಸಿ. ಇಟ್ರೆಕ್ಸ್ ಟಚ್, ಆರೆಗನ್ 700, ಜಿಪಿಎಸ್‌ಮ್ಯಾಪ್ 66 ಸಾಲಿನ ಉಪಕರಣಗಳು ಹತ್ತಿರದ ಫೋನಿನ ಅಂತರಜಾಲವನ್ನು ನಿಸ್ತಂತುವಾಗಿ ಬಳಸಿಕೊಳ್ಳತೊಡಗಿದವು. ಡಬ್ಬಿಯ ಪುಟ ಫೋನಿನ ಮೂಲಕ ಬರುತ್ತದೆ, ಕಾಡಿನ ನಡಿಗೆ ಉಪಕರಣದ ಮೇಲೆ ನಡೆಯುತ್ತದೆ, ಸಿಕ್ಕ ದಾಖಲೆ ಮತ್ತೆ ಫೋನಿನ ದಾರಿಯಲ್ಲೇ ತಾಣಕ್ಕೆ ಹೋಗುತ್ತದೆ. ಪಾಮ್ ಕಾಲದ ಎರಡು ಜೇಬಿನ ಜೋಡಿ ಹೊಸ ರೂಪದಲ್ಲಿ ಮರಳಿತು.

ಇಂದಿನ ಆಯ್ಕೆ

ನೆಲೆ ಮತ್ತು ಮಾಹಿತಿ ಎರಡೂ ಎರಡು ಸಾಧನಗಳಲ್ಲೂ ಸಿಗುವಂತಾದ ಮೇಲೆ ಆಯ್ಕೆಯನ್ನು ನಿರ್ಧರಿಸುವುದು ಹೋಗುವ ಜಾಗ. ಊರು, ಉದ್ಯಾನ, ಕೋಟೆ, ಕೆರೆ ಏರಿಯಂಥ ಕಡೆ ಫೋನು ಸಾಕು. ಮಾಹಿತಿಯ ವಿಷಯದಲ್ಲಿ ಅದೇ ಮೇಲು. ಚಿತ್ರ ತೆಗೆಯಲು, ಒಗಟಿನ ಡಬ್ಬಿಗೆ ಬೇಕಾದ ವಿವರ ಹುಡುಕಲು, ಡಬ್ಬಿ ಕಾಣೆಯಾಗಿದೆಯೆಂದು ಅಂದೇ ಬೆಳಿಗ್ಗೆ ಯಾರೋ ಬರೆದಿದ್ದರೆ ತಿಳಿಯಲು ಅದಕ್ಕಿಂತ ಅನುಕೂಲವಾದದ್ದಿಲ್ಲ. ಹೊಸಬರು ಹೊಸ ಉಪಕರಣ ಕೊಳ್ಳುವ ಅಗತ್ಯವೂ ಇಲ್ಲ.

ದಿನಗಟ್ಟಲೆ ನಡೆಯುವ ಚಾರಣ, ಹಿಮ, ಜಡಿಮಳೆ, ದೋಣಿಯ ದಾರಿಗಳಲ್ಲಿ ಹ್ಯಾಂಡ್‌ಹೆಲ್ಡ್ ಜಿಪಿಎಸ್ ತನ್ನ ಮಹತ್ವವನ್ನು ಉಳಿಸಿಕೊಂಡಿದೆ. ಪೆನ್ಸಿಲ್ ಸೆಲ್ ಹಾಕುವ ಮಾದರಿಗಳಲ್ಲಿ ಸೆಲ್ ಮುಗಿದರೆ ಬದಲಾಯಿಸಿದರಾಯಿತು. ಫೋನಿನ ಬ್ಯಾಟರಿ ಜಿಪಿಎಸ್ ಮತ್ತು ಪರದೆ ಸತತವಾಗಿ ಉರಿದರೆ ಅರ್ಧ ದಿನದಲ್ಲೇ ಬಸವಳಿಯಬಹುದು, ಕೊರೆವ ಚಳಿಯಲ್ಲಿ ಇನ್ನೂ ಬೇಗ. ಉಪಕರಣದ ಪರದೆ ಬಿಸಿಲಿನ ಬೆಳಕನ್ನೇ ಪ್ರತಿಫಲಿಸಿ ಸ್ಪಷ್ಟವಾಗಿ ಕಾಣುತ್ತದೆ, ಗುಂಡಿಗಳು ಕೈಗವಸು ತೊಟ್ಟಾಗಲೂ ಒದ್ದೆ ಬೆರಳಿಗೂ ಒಪ್ಪುತ್ತವೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವ ಗುಣ ಹಿಂದೆ ಇವುಗಳ ಹೆಗ್ಗಳಿಕೆಯಾಗಿತ್ತು. 2016ರ ಐಫೋನ್ 7ರಂಥ ಫೋನುಗಳೂ ಆ ಮಟ್ಟ ಮುಟ್ಟಿದ ಮೇಲೆ ವ್ಯತ್ಯಾಸ ಕಡಿಮೆಯಾಗಿದೆ. ಬಂಡೆಯ ಮೇಲೆ ಬಿದ್ದರೆ ತಾಳಿಕೊಳ್ಳುವ ಶಕ್ತಿಯಲ್ಲಿ ಮಾತ್ರ ಉಪಕರಣವೇ ಮುಂದು. ಇನ್ನೊಂದು ಸರಳ ಕಾರಣವೂ ಇದೆ: ನೆಲೆ ತೋರಿಸುವ ಕೆಲಸವನ್ನು ಬೇರೆ ಸಾಧನಕ್ಕೆ ಬಿಟ್ಟರೆ, ಆಪತ್ತಿನಲ್ಲಿ ಕರೆ ಮಾಡಲು ಬೇಕಾದ ಫೋನಿನ ಬ್ಯಾಟರಿ ಉಳಿಯುತ್ತದೆ.

ಆಪತ್ತಿನ ಸಂದೇಶವನ್ನು ಉಪಗ್ರಹದ ಮೂಲಕವೇ ಕಳಿಸುವ ಸೌಲಭ್ಯ ಈಚಿನ ಬೆಳವಣಿಗೆ. ಡಿಲೋರ್ಮ್‌ನಿಂದ ಗಾರ್ಮಿನ್‌ಗೆ ಬಂದ ಇನ್‌ರೀಚ್ ಉಪಕರಣಗಳಲ್ಲಿ ಇದು ಇರಿಡಿಯಂ ಉಪಗ್ರಹಗಳ ಮೂಲಕ ನಡೆಯುತ್ತದೆ. 2022ರ ಐಫೋನ್ 14ರಿಂದ ಕೆಲವು ದೇಶಗಳಲ್ಲಿ ಫೋನಿಗೂ ಬಂದಿದೆ. ಭಾರತದಲ್ಲಿ ಇಂಥ ಉಪಗ್ರಹ ಸಂವಹನ ಸಾಧನಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಚಾರಣಕ್ಕೆಂದು ಬಂದ ವಿದೇಶಿಯರು ಇದನ್ನು ತಿಳಿಯದೆ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದದ್ದುಂಟು. ಹೊರದೇಶದಿಂದ ಉಪಕರಣ ತರಿಸುವ ಕನ್ನಡಿಗರೂ, ಪರದೇಶದಲ್ಲಿ ನೆಲೆಸಿ ರಜೆಗೆ ಊರಿಗೆ ಬರುವವರೂ ಈ ನಿಯಮವನ್ನು ನೆನಪಿನಲ್ಲಿಡಬೇಕು.

ಯಾವ ಸಾಧನ ಹಿಡಿದರೂ ಅದು ಕೊನೆಯ ಮೂರು ನಾಲ್ಕು ಮೀಟರಿನಲ್ಲಿ ನಿಲ್ಲುತ್ತದೆ. 2000ದ ಹಳದಿ ಇಟ್ರೆಕ್ಸ್‌ಗೆ ಈ ಅಂತರ ಹೆಚ್ಚಿತ್ತು, ಇಂದಿನ ಎರಡು ತರಂಗಾಂತರದ ಫೋನಿಗೆ ಕಡಿಮೆಯಾಗಿದೆ, ಪೂರ್ತಿ ಅಳಿದಿಲ್ಲ. ಅಲ್ಲಿಂದ ಮುಂದೆ ಸಾಧನವನ್ನು ಜೇಬಿಗಿಟ್ಟು, ಕಲ್ಲಿನ ಸಂದಿಯನ್ನೂ ಬೇರಿನ ಬುಡವನ್ನೂ ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಹುಡುಕಬೇಕು. ಕಾಲು ಶತಮಾನದ ಸುಧಾರಣೆಯ ನಂತರವೂ ಆಟದ ಈ ಭಾಗ ಆಟಗಾರರ ಪಾಲಿಗೇ ಉಳಿದಿದೆ. ಆದ್ದರಿಂದ ಸಾಧನದ ಆಯ್ಕೆಯಲ್ಲಿ ಕೇಳಬೇಕಾದ ಪ್ರಶ್ನೆ ಇಷ್ಟೇ: ಹೋಗುವ ಜಾಗದಲ್ಲಿ, ಅಲ್ಲಿನ ಹವೆಯಲ್ಲಿ, ಮರಳಿ ಬರುವವರೆಗೂ ಯಾವುದು ಉಸಿರು ಹಿಡಿದು ಕೆಲಸ ಮಾಡುತ್ತದೆ?